ಹೆಣದಣ್ಣನ ಸಹಾಯಾರ್ಥ

ಹೆಣದಣ್ಣನಿಗೆ ಬೇಕಾಗಿದ್ದದ್ದು ಒಂದೇ ಒಂದು ಸಂಜೆಯ ರಜೆ. ಅದಕ್ಕೆ ಒಂದು ನೆಗಡಿಯೋ ಹಲ್ಲುನೋವೋ ಸಾಕಾಗುತ್ತಿತ್ತು. ಆದರೆ ಆ ದಿನ ಬೆಳಿಗ್ಗೆ ಕಂಪನಿಯ ಮಾಲೀಕರಿಗೆ ಫೋನು ಹಚ್ಚಿದವನು, ಗಂಟಲು ಸರಿಮಾಡಿಕೊಂಡು, "ಎದೆನೋವು ಸಾರ್" ಎಂದುಬಿಟ್ಟ.

ಪೂರ್ತಿ ತಪ್ಪು ಅವನದೆನ್ನುವಂತಿಲ್ಲ. ಆ ನಾಟಕ ಕಂಪನಿಯಲ್ಲಿ ಸಣ್ಣಪುಟ್ಟ ಕಾಯಿಲೆಗಳಿಗೆ ಕಿಮ್ಮತ್ತಿರಲಿಲ್ಲ. 'ಯಜಮಾನರನ್ನು ಕೊಂದವರು ಯಾರು?' ಎಂಬ ಒಂದೇ ನಾಟಕವನ್ನು ಹದಿನಾಲ್ಕು ವರ್ಷದಿಂದ ಬಿಡದೆ ಆಡುತ್ತಿದ್ದ ಕಂಪನಿ ಅದು. ಕೊಂದವರು ಯಾರೆಂದು ಊರಲ್ಲಿ ಹಾಲು ಹಾಕುವವನಿಗೂ ಗೊತ್ತಿತ್ತು. ಪರದೆ ಏಳುವಾಗಲೇ ಯಜಮಾನರು ಎದೆಗೆ ಚಾಕು ಚುಚ್ಚಿಸಿಕೊಂಡು ಸೋಫಾದ ಮೇಲೆ ಸತ್ತು ಬಿದ್ದಿರುತ್ತಾರೆ. ಉಳಿದವರು ಅವರ ಸುತ್ತ ನಿಂತು ಕೂಗಾಡುತ್ತಾರೆ, ಅಳುತ್ತಾರೆ, ಒಬ್ಬರ ಮೇಲೊಬ್ಬರು ಗೂಬೆ ಕೂರಿಸುತ್ತಾರೆ. ಪರದೆ ಬೀಳುವ ತನಕ ಯಜಮಾನರು ಸತ್ತೇ ಇರುತ್ತಾರೆ. ಆ ಯಜಮಾನರೇ ನಮ್ಮ ಹೆಣದಣ್ಣ. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಆದರೆ ಬೀದಿಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಈಗ ಅವನೇ ತಿರುಗಿ ನೋಡುತ್ತಿರಲಿಲ್ಲ.

ಹಿಂದೊಮ್ಮೆ ಮೈ ಸುಡುವ ಜ್ವರ ಬಂದಾಗ ರಜೆ ಕೇಳಿದ್ದ. "ಅಲ್ಲಯ್ಯಾ, ಬೇರೆಯವರು ಕೇಳಿದ್ರೆ ಅದಕ್ಕೊಂದು ಅರ್ಥ ಇದೆ. ನಿನ್ನ ಪಾತ್ರ ಮಲಗಿರೋದು ತಾನೇ? ಮನೇಲಿ ಮಲಗೋ ಬದಲು ಇಲ್ಲಿ ಬಂದು ಮಲಗು" ಎಂದಿದ್ದರು ಮಾಲೀಕರು. ಅವತ್ತು ಹೆಣ ಗಡಗಡ ನಡುಗಿತು, ಜನ ಬಿದ್ದು ಬಿದ್ದು ನಕ್ಕರು. ಮಾರನೆಯ ದಿನ ಮಾಲೀಕರು ಕರೆದು, ಕೊಲೆಗಾರನ ಮಾತು ಯಾರಿಗೂ ಕೇಳಿಸಲಿಲ್ಲವೆಂದು ಬೈದರು. ಹಾಗಾಗಿ ಈ ಸಲ ಮಲಗಿಕೊಂಡೂ ಮಾಡಲಾಗದಂಥ ಕಾಯಿಲೆಯೇ ಬೇಕಾಗಿತ್ತು.

ರಜೆ ಯಾಕೆಂದರೆ, ಹಿಂದಿನ ದಿನ ಅವನಿಗೊಂದು ಫೋನು ಬಂದಿತ್ತು. ಮಾಡಿದವರು ಊರಿನ ಗಡ್ಡದ ನಿರ್ದೇಶಕರು. ಅವರ ನಾಟಕಗಳು ಅರ್ಧ ಜನಕ್ಕೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗಲಿಲ್ಲವೆಂದು ಹೇಳುವ ಧೈರ್ಯ ಉಳಿದರ್ಧಕ್ಕೆ ಇರಲಿಲ್ಲ. ಹೀಗಾಗಿ ಅವರದು ದೊಡ್ಡ ಹೆಸರು.

"ನಿಮ್ಮ ನಾಟಕಕ್ಕೆ ಮೂರು ಸಲ ಬಂದಿದ್ದೀನಿ. ಮೂರು ಸಲಾನೂ ನೋಡಿದ್ದು ನಿಮ್ಮೊಬ್ಬರನ್ನೇ" ಎಂದಿದ್ದರು. "ನನ್ನ ಹೊಸ ನಾಟಕ ನೀವಿಲ್ಲದೆ ಆಗೋದೇ ಇಲ್ಲ. ಮೊದಲಿಂದ ಕೊನೆವರೆಗೂ ವೇದಿಕೆ ಮೇಲೇ ಇರ್ತೀರಿ. ನಾಟಕ ಎಲ್ಲ ನಿಮ್ಮ ಸುತ್ತಾನೇ ತಿರುಗುತ್ತೆ. ನಾಳೆ ಸಂಜೆ ನಾಲ್ಕಕ್ಕೆ ನಮ್ಮ ತಾಲೀಮು ಮನೆಗೆ ಬಂದುಬಿಡಿ. ಸಮಯಕ್ಕೆ ಬರದೇ ಇರೋರನ್ನ ಕಂಡ್ರೆ ಮಾತ್ರ ನನಗಾಗಲ್ಲ, ನೋಡಿ."

ಹೆಣದಣ್ಣನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವನು ವೇದಿಕೆಯ ಮೇಲೆ ಜನಕ್ಕೆ ಕೇಳುವಂತೆ ಒಂದು ಅಕ್ಷರ ಆಡಿರಲಿಲ್ಲ. ಎಲ್ಲರ ಮಾತೂ ಅವನಿಗೆ ಬಾಯಿಪಾಠವಾಗಿತ್ತು. ಇನ್‌ಸ್ಪೆಕ್ಟರ್ ಪಾತ್ರದವನು ಮಾತು ಮರೆತು ತಡವರಿಸಿದರೆ ತುಟಿ ಅಲುಗಿಸದೆ ಪಿಸುಗುಟ್ಟಿ ನೆನಪಿಸುತ್ತಿದ್ದದ್ದೂ ಈ ಹೆಣವೇ. ಅವರೆಲ್ಲರಿಗಿಂತ ಚೆನ್ನಾಗಿ ತಾನು ಹೇಳಬಲ್ಲೆನೆಂಬ ಸಂಕಟ ಎದೆಯ ಮೇಲಿನ ಚಾಕುವಿಗಿಂತ ಹೆಚ್ಚಾಗಿ ಅವನನ್ನು ಚುಚ್ಚುತ್ತಿತ್ತು. ನಾಲ್ಕು ಜನರೆದುರು ಬಾಯಿ ಬಿಟ್ಟು ಮಾತಾಡಬೇಕು, ತನಗೂ ಒಂದು ಧ್ವನಿಯಿದೆಯೆಂದು ಲೋಕಕ್ಕೆ ಗೊತ್ತಾಗಬೇಕು. ಬದುಕಿನಲ್ಲಿ ಅವನಿಗಿದ್ದ ಆಸೆ ಅದೊಂದೇ.

"ಎದೆನೋವಾ?" ಎಂದರು ಮಾಲೀಕರು ಫೋನಿನಲ್ಲಿ. "ಎಷ್ಟು?"

"ಬಹಳ ಸಾರ್."

ಹೆಣದಣ್ಣ ಬೈಗುಳಕ್ಕೆ ಕಿವಿಯೊಡ್ಡಿ ನಿಂತ. ಬಂದದ್ದು ಜೇನಿನಂಥ ದನಿ. "ನೀನು ಮಲಗಿಕೋ ಕಣಯ್ಯಾ. ಮಂಚ ಬಿಟ್ಟು ಏಳಬೇಡ. ನಾನಿದ್ದೀನಿ, ಎಲ್ಲ ನೋಡ್ಕೋತೀನಿ."

ಮಾಲೀಕರು ಯಾರಿಗಾದರೂ 'ನಾನಿದ್ದೀನಿ' ಎಂದದ್ದನ್ನು ಹೆಣದಣ್ಣ ಅಲ್ಲಿಯವರೆಗೆ ಕೇಳಿರಲಿಲ್ಲ. ಅಷ್ಟಕ್ಕೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಫೋನಿಟ್ಟು, ಕನ್ನಡಿಯ ಮುಂದೆ ನಿಂತು, ನಿರ್ದೇಶಕರಿಗೆ ಒಪ್ಪಿಸಲೆಂದು ಕೊಲೆಗಾರನ ಕೊನೆಯ ಮಾತನ್ನೇ ಆರಿಸಿಕೊಂಡು ಅಭ್ಯಾಸಕ್ಕಿಳಿದ.

"ನಿಲ್ಲಿ! ಇಷ್ಟು ವರ್ಷ ಎದೆಯೊಳಗೆ ಬಚ್ಚಿಟ್ಟ ನೋವು ಇಂದು ಸಿಡಿಯುತ್ತಿದೆ! ನನ್ನಿಂದ ತಡೆಯಲಾಗುತ್ತಿಲ್ಲ!"

ಅಡುಗೆಮನೆಯಿಂದ ಹೆಂಡತಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸುಳ್ಳಿನಲ್ಲಿ ಅವಳೂ ಪಾಲುದಾರಳು. "ರೀ, ಮೆತ್ತಗೆ. ನಿಮಗೆ ಎದೆನೋವು, ನೆನಪಿರ್ಲಿ."

"ಮೆತ್ತಗೆ ಹೇಳೋ ಮಾತಲ್ಲ ಕಣೇ ಇದು. ಕೊನೇ ಸಾಲಿನವರಿಗೂ ಕೇಳಬೇಕು."

ಕೊನೇ ಸಾಲಿನವರ ಮಾತಿರಲಿ, ಕೆಳಮನೆಯಾಕೆಗೆ ಸ್ಪಷ್ಟವಾಗಿ ಕೇಳಿಸಿತು. ಈಕೆ ದೊಡ್ಡಾಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದವಳು. ದುಡಿದದ್ದು ಬಟ್ಟೆ ಒಗೆಯುವ ವಿಭಾಗದಲ್ಲಿ, ಆದರೆ ಆ ವಿವರವನ್ನು ಆಕೆ ಯಾರಿಗೂ ಹೇಳುತ್ತಿರಲಿಲ್ಲ. ಬೀದಿಯ ಯಾವ ಮನೆಯಲ್ಲಿ ಯಾರು ಕೆಮ್ಮಿದರೂ ಮೊದಲು ಓಡಿಬರುತ್ತಿದ್ದದ್ದು ಆಕೆಯ ಥರ್ಮಾಮೀಟರು. ಈಗಲೂ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು.

"ಅಯ್ಯೋ, ನಿಂತಿದ್ದೀಯಲ್ಲಪ್ಪಾ! ಎದೆ ಸಿಡೀತಿದೆ ಅಂತ ಕೂಗ್ಕೊಂಡು ನಿಂತೇ ಇದ್ದೀಯಲ್ಲ! ಮಲಕ್ಕೋ!"

"ಆಂಟಿ, ಅದು ಹಾಗಲ್ಲ, ನಾನು..."

ಮಾತು ಮುಗಿಯುವುದರೊಳಗೆ ಥರ್ಮಾಮೀಟರು ಅವನ ನಾಲಿಗೆಯ ಕೆಳಗಿತ್ತು. "ಬಾಯಿ ಬಿಡಬೇಡ. ಒಡೆದು ಹೊಟ್ಟೆಗೆ ಹೋದ್ರೆ ನಾನು ಜವಾಬ್ದಾರಳಲ್ಲ" ಎಂದು ಹೆದರಿಸಿ ಆಕೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡಳು. ಆ ಕುಳಿತುಕೊಳ್ಳುವ ರೀತಿಯಲ್ಲೇ ಇದು ಸಂಜೆಯವರೆಗಿನ ಠಿಕಾಣಿಯೆಂದು ಗೊತ್ತಾಗುತ್ತಿತ್ತು. ಹೆಣದಣ್ಣ ಹೆಂಡತಿಯ ಕಡೆ ದೈನ್ಯದಿಂದ ನೋಡಿದ. ಅವಳು ಕಣ್ಣಲ್ಲೇ 'ಸ್ವಲ್ಪ ತಡೀರಿ, ಸಾಗಹಾಕ್ತೀನಿ' ಎಂದಳು.

ಸಾಗಹಾಕುವಷ್ಟರಲ್ಲಿ ಬೀದಿಯ ತುದಿಯಲ್ಲಿ ಮೈಕು ಕಟ್ಟಿದ ವ್ಯಾನೊಂದು ಗಂಟಲು ಹರಿದುಕೊಳ್ಳುತ್ತ ಬಂತು.

"ಬಂಧುಗಳೇ! ಕಲಾರಸಿಕರೇ! ಇಂದು ಸಂಜೆ ಐದಕ್ಕೆ 'ಯಜಮಾನರನ್ನು ಕೊಂದವರು ಯಾರು?' ನಾಟಕದ ಸಹಾಯಾರ್ಥ ವಿಶೇಷ ಪ್ರದರ್ಶನ! ಹದಿನಾಲ್ಕು ವರ್ಷ ನಿಮಗಾಗಿ ಸತ್ತ ಮಹಾನ್ ಕಲಾವಿದ ಇಂದು ನಿಜವಾಗಿ ಸಾವಿನ ದವಡೆಯಲ್ಲಿದ್ದಾರೆ! ಅವರ ಹೃದಯ ನಿಮ್ಮ ಕೈಯಲ್ಲಿದೆ! ಬನ್ನಿ, ನೋಡಿ, ಉಳಿಸಿ!"

ಹೆಣದಣ್ಣ ಹಾಸಿಗೆಯಿಂದ ಚೆಂಡಿನಂತೆ ಪುಟಿದು ಕುಳಿತ. ಕೆಳಮನೆಯಾಕೆ ಎದೆಯ ಮೇಲೆ ಅಂಗೈಯಿಟ್ಟು ಮತ್ತೆ ಅದುಮಿದಳು. ಆಗ ಅವನಿಗೆ ಬೆಳಗಿನ ಜೇನಿನ ದನಿಯ ಗುಟ್ಟು ಹೊಳೆಯಿತು. ಕೊಂದವರು ಯಾರೆಂದು ಎಲ್ಲರಿಗೂ ಗೊತ್ತಿದ್ದ ನಾಟಕಕ್ಕೆ ಇತ್ತೀಚೆಗೆ ಬರುತ್ತಿದ್ದದ್ದು ಬಿಸಿಲಿಗೆ ನೆರಳು ಹುಡುಕುವವರು ಮಾತ್ರ. ಹದಿನಾಲ್ಕು ವರ್ಷ ಸತ್ತು ಮಲಗಿದವನು ಮಾಲೀಕರ ನಾಟಕದ ಹಾಲನ್ನು ತುಂಬಿಸಿರಲಿಲ್ಲ. ಸಾಯುತ್ತಿರುವವನು ತುಂಬಿಸಬಹುದು. ಮೇಲಾಗಿ ಸಹಾಯಾರ್ಥ ಪ್ರದರ್ಶನದ ದಿನ ನಟರು ಸಂಬಳ ಕೇಳುವಂತಿಲ್ಲ ಎಂಬುದು ಕಂಪನಿಯ ಹಳೆಯ ಕಟ್ಟಳೆ.

ಮಧ್ಯಾಹ್ನದ ಹೊತ್ತಿಗೆ ಮನೆ ಸಂತೆಯಾಯಿತು. ಹದಿನಾಲ್ಕು ವರ್ಷದಲ್ಲಿ ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದವರೆಲ್ಲ ಕಿತ್ತಳೆ ಹಣ್ಣು ಹಿಡಿದು ಬಂದರು. ಬಂದವರು ತಂತಮ್ಮ ಕುಟುಂಬದಲ್ಲಿ ಎದೆನೋವಿನಿಂದ ಹೋದವರ ಕತೆ ಹೇಳಿದರು. ಬದುಕಿ ಉಳಿದವರ ಕತೆ ಯಾರ ಹತ್ತಿರವೂ ಇರಲಿಲ್ಲ. ಬಡಗಿಯೊಬ್ಬ ಟೇಪು ತೆಗೆದು ಮೆಟ್ಟಿಲಿನ ಅಗಲ ಅಳೆದು, "ತಿರುವಿನಲ್ಲಿ ಸ್ವಲ್ಪ ಕಷ್ಟ, ಓರೆಯಾಗಿ ಹಿಡಿದು ಇಳಿಸಬೇಕು" ಎಂದು ಗಂಭೀರವಾಗಿ ತಲೆದೂಗಿದ. ಏನನ್ನು ಇಳಿಸಬೇಕೆಂದು ಕೇಳುವ ಧೈರ್ಯ ಹೆಣದಣ್ಣನಿಗೆ ಬರಲಿಲ್ಲ. ಬಾಯಿ ತೆರೆದಾಗೆಲ್ಲ ಅದರೊಳಗೆ ಥರ್ಮಾಮೀಟರು ಬರುತ್ತಿತ್ತು.

ಇತ್ತ ಹೆಂಡತಿಯ ನಡೆಯೂ ಬದಲಾಗುತ್ತಿತ್ತು. ಇಷ್ಟು ವರ್ಷ ಅವಳನ್ನು ಬೀದಿಯವರು 'ಹೆಣದ ಹೆಂಡತಿ' ಎನ್ನುತ್ತಿದ್ದರು. ಇವತ್ತು ವ್ಯಾನಿನ ಮೈಕು ಅವಳನ್ನು 'ಮಹಾನ್ ಕಲಾವಿದರ ಬಾಳಸಂಗಾತಿ' ಎಂದಿತ್ತು. ಆಚೆಬೀದಿಯ ಸಾಹುಕಾರರ ಹೆಂಡತಿ ಕಾರಿನಲ್ಲಿ ಬಂದು ಅವಳನ್ನು ತಬ್ಬಿಕೊಂಡು ಹೋಗಿದ್ದಳು. ಅವಳು ಕೋಣೆಯೊಳಗೆ ಬಂದಾಗ ಹೆಣದಣ್ಣ ಪಿಸುಗುಟ್ಟಿದ: "ಎಲ್ಲ ಸುಳ್ಳು ಅಂತ ಹೇಳಿಬಿಡೇ. ನಾಲ್ಕು ಗಂಟೆ ಆಗ್ತಾ ಬಂತು."

"ಈಗ ಹೇಳೋದಾ?" ಅವಳು ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಸಾಹುಕಾರರ ಹೆಂಡತಿ ನಂಗೆ ಸೋದರಿ ಅಂದಿದ್ದಾರೆ ಕಣ್ರೀ. ಸುಮ್ನೆ ಮಲಗಿ. ಮಲಗೋದು ನಿಮಗೇನು ಹೊಸದಾ?"

ಹೆಣದಣ್ಣ ಇನ್ನು ತನ್ನ ಕಾಲೇ ತನಗೆ ದಿಕ್ಕು ಎಂದುಕೊಂಡು, ಬಚ್ಚಲಿಗೆ ಹೋಗಬೇಕೆಂದು ಸನ್ನೆ ಮಾಡಿದ. ಇಬ್ಬರು ಅವನನ್ನು ಎತ್ತಿ ಬಚ್ಚಲ ಬಾಗಿಲವರೆಗೆ ಬಿಟ್ಟರು. ಒಳಗಿಂದ ಚಿಲಕ ಹಾಕಿ, ಕಿಟಕಿಯಿಂದ ನುಸುಳಿ, ಕೊಳವೆ ಹಿಡಿದು ಜಾರಿದ. ಇಳಿದದ್ದು ಕೆಳಮನೆಯಾಕೆ ಬಟ್ಟೆ ನೆನೆಹಾಕಿದ್ದ ಸೋಪುನೀರಿನ ದೊಡ್ಡ ಟಬ್ಬಿನೊಳಕ್ಕೆ. ಪಾಯಿಜಾಮದಿಂದಲೂ ಬಾಯಿಯಿಂದಲೂ ನೊರೆ ಇಳಿಸುತ್ತ, ಎದೆಯ ಮಾತು ಮರೆತು, ಕಾಲಿಗೆ ಬುದ್ಧಿ ಹೇಳಿದ.

ಬೀದಿಯ ತಿರುವಿನಲ್ಲಿ ಅವನ ಕಾಲುಗಳು ತಾವಾಗಿ ನಿಂತವು. ಗೋಡೆಯ ಮೇಲೆ ಅವನದೇ ಆಳೆತ್ತರದ ಚಿತ್ರ. ಕಂಪನಿಯವರ ಹತ್ತಿರ ಅವನು ಜೀವಂತವಾಗಿದ್ದ ಫೋಟೋ ಒಂದೂ ಇರಲಿಲ್ಲವಾಗಿ, ಸೋಫಾದ ಮೇಲೆ ಬಾಯಿ ಅರೆತೆರೆದು, ಎದೆಯಲ್ಲಿ ನೆಟ್ಟಗೆ ನಿಂತ ಚಾಕುವಿನ ಸಮೇತ ಮಲಗಿದ್ದ ಚಿತ್ರವನ್ನೇ ಅಚ್ಚುಹಾಕಿಸಿದ್ದರು. ಕೆಳಗೆ ಕೆಂಪಕ್ಷರದಲ್ಲಿ 'ಈ ಹೃದಯವನ್ನು ಉಳಿಸೋಣ' ಎಂದಿತ್ತು. ಅದರ ಮುಂದೆ ಚಂದಾ ಡಬ್ಬಿ ಹಿಡಿದು ನಿಂತಿದ್ದವರು ಚಿತ್ರವನ್ನೂ ಅವನನ್ನೂ ನೋಡಿ ಹೌಹಾರಿದರು.

"ಅಯ್ಯಯ್ಯೋ, ಎದ್ದು ಬಂದಿದ್ದಾರೆ!"

"ನನಗೇನೂ ಆಗಿಲ್ಲ! ನಾನು ಚೆನ್ನಾಗಿದ್ದೀನಿ! ದಾರಿ ಬಿಡಿ!"

"ಬಾಯಲ್ಲಿ ನೊರೆ ಬರ್ತಿದೆ, ಚೆನ್ನಾಗಿದ್ದೀನಿ ಅಂತಾರೆ ಪಾಪ!"

ಅಷ್ಟರಲ್ಲಿ ಏದುಸಿರು ಬಿಡುತ್ತ ಕೆಳಮನೆಯಾಕೆ ಬಂದಳು. "ಹಿಡ್ಕೊಳ್ಳಿ, ಬಿಡಬೇಡಿ! ಕೊನೇ ಗಳಿಗೇಲಿ ಹೀಗೇ ಓಡ್ತಾರೆ. ಆಸ್ಪತ್ರೇಲಿ ಎಷ್ಟು ಜನರನ್ನ ನೋಡಿಲ್ಲ ನಾನು!"

ಹಿಂದೆಯೇ ಗಂಟೆ ಬಾರಿಸುತ್ತ ಆಂಬುಲೆನ್ಸ್ ಬಂದು ನಿಂತಿತು. ಕಳಿಸಿದವರು ಮಾಲೀಕರು. ಹೋಗಬೇಕಾದದ್ದು ಆಸ್ಪತ್ರೆಗಲ್ಲ, ನಾಟಕದ ಹಾಲಿಗೆ. ಹತ್ತು ಕೈಗಳು ಹೆಣದಣ್ಣನನ್ನು ಎತ್ತಿ ಒಳಗೆ ಮಲಗಿಸಿ ಪಟ್ಟಿ ಬಿಗಿದವು.

ದಾರಿ ಗಡ್ಡದ ನಿರ್ದೇಶಕರ ತಾಲೀಮು ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಹೆಣದಣ್ಣ ಕತ್ತು ನೀಡಿ ನೋಡಿದ. ನಿರ್ದೇಶಕರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವನು ತಲೆಯಿಂದ ಗಾಜಿಗೆ ಗುದ್ದಿದ. ಸದ್ದಿಗೆ ತಿರುಗಿದ ನಿರ್ದೇಶಕರು, ಹಾದುಹೋಗುವ ಆಂಬುಲೆನ್ಸಿಗೆ ಮರ್ಯಾದೆಯಿಂದ ಒಂದು ಕ್ಷಣ ತಲೆ ಬಾಗಿಸಿ, ಮತ್ತೆ ಗಡಿಯಾರ ನೋಡಿಕೊಂಡರು. ಹೆಣದಣ್ಣನಿಗೆ ಆಗ ಎದೆಯಲ್ಲಿ ನಿಜವಾಗಿಯೂ ನೋವಾಯಿತು.

ಬಣ್ಣದ ಕೋಣೆಯಲ್ಲಿ ಮಾಲೀಕರು ಹೊಸ ಕೋಟು ಹಾಕಿಕೊಂಡು ಓಡಾಡುತ್ತಿದ್ದರು. ಹೆಣದಣ್ಣ ಅವರ ಕಾಲಿಗೆ ಬೀಳುವುದೊಂದು ಬಾಕಿ. "ಸಾರ್, ತಪ್ಪಾಯ್ತು. ನನಗೆ ಎದೆನೋವಿಲ್ಲ. ರಜೆಗೋಸ್ಕರ ಸುಳ್ಳು ಹೇಳಿದೆ."

ಮಾಲೀಕರ ಮುಖದಲ್ಲಿ ಕೋಪ ಬರಲಿಲ್ಲ, ಗಾಬರಿ ಬಂತು. ಬಾಗಿಲು ಮುಚ್ಚಿದರು. "ಮೆತ್ತಗೆ ಮಾತಾಡೋ ಪುಣ್ಯಾತ್ಮ! ಹೊರಗೆ ಬಾಗಿಲವರೆಗೂ ಜನ. ಅರ್ಧ ಜನ ಆಗಲೇ ಅಳ್ತಾ ಕೂತಿದ್ದಾರೆ. ಈಗ ನೀನು ಗಟ್ಟಿಮುಟ್ಟಾಗಿದ್ದೀಯ ಅಂದ್ರೆ ಕುರ್ಚಿ ಮುರಿದು ನಮ್ಮಿಬ್ಬರನ್ನೂ ಮುರೀತಾರೆ."

"ಹಾಗಾದ್ರೆ ನನ್ನ ಪಾತ್ರನಾದ್ರೂ ನಾನು ಮಾಡ್ತೀನಿ. ಸೋಫಾ ಮೇಲೆ ಮಲಗ್ತೀನಿ."

"ಸಾಯ್ತಿರೋನು ಹೆಣದ ಪಾತ್ರ ಮಾಡಿದ್ರೆ ಜನಕ್ಕೆ ಯಾವುದು ನಾಟಕ, ಯಾವುದು ನಿಜ ಅಂತ ಗೊತ್ತಾಗೋದು ಹೇಗೆ? ನೀನು ಪಕ್ಕದಲ್ಲಿ ಕುರ್ಚಿ ಮೇಲೆ ಕಂಬಳಿ ಹೊದ್ದು ಕೂತಿರು. ಹೆಣಕ್ಕೆ ಬೇರೆ ಜನ ಸಿಕ್ಕಿದ್ದಾರೆ."

ಸಿಕ್ಕಿದ ಜನ ಬೇರೆ ಯಾರೂ ಅಲ್ಲ, ಹೆಣದಣ್ಣನ ಹೆಂಡತಿಯ ತಮ್ಮ. ಮೂರು ವರ್ಷದಿಂದ ಅಕ್ಕನ ಮನೆಯ ಹಜಾರದಲ್ಲಿ ಮಲಗಿದ್ದವನು, ಕೆಲಸ ಹುಡುಕುತ್ತಿದ್ದೇನೆಂದು ಹೇಳಿಕೊಂಡು. ಬೆಳಗಿನ ಗದ್ದಲವೂ ಅವನನ್ನು ಎಬ್ಬಿಸಿರಲಿಲ್ಲ. ಬಂದವರು ಅವನನ್ನು ದಾಟಿಕೊಂಡೇ ರೋಗಿಯನ್ನು ನೋಡಿಹೋಗಿದ್ದರು. ಅವನನ್ನು ಹೊತ್ತು ತಂದು ಬಣ್ಣ ಹಚ್ಚಿ, ಚಾಕು ಅಂಟಿಸಿದ್ದರು.

"ಏನೂ ಯೋಚನೆ ಮಾಡಬೇಡಿ ಭಾವ. ನಿಮ್ಮ ಹೆಸರು ಉಳಿಸ್ತೀನಿ" ಎಂದು ಆಕಳಿಸಿ ಅವನು ಸೋಫಾದ ಮೇಲೆ ಒರಗಿದ.

ಪರದೆ ಎದ್ದಿತು. ಹಾಲು ಕಿಕ್ಕಿರಿದಿತ್ತು. ಹದಿನಾಲ್ಕು ವರ್ಷ ಖಾಲಿ ಕುರ್ಚಿಗಳ ಮುಂದೆ ಸತ್ತವನಿಗೆ, ತುಂಬಿದ ಹಾಲನ್ನು ನೋಡುವ ಭಾಗ್ಯ ಸಿಕ್ಕಿದ್ದು ಕಂಬಳಿಯೊಳಗಿಂದ. ಜನ ನಾಟಕ ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದರು. ಮೂಗು ಕೆರೆದುಕೊಂಡರೆ ಮುಂದಿನ ಸಾಲಿನ ಹೆಂಗಸರು 'ಪಾಪ' ಎಂದು ಲೊಚಗುಟ್ಟುತ್ತಿದ್ದರು. ಸಂಬಳ ಕಳೆದುಕೊಂಡ ನಟರು ಮಾತ್ರ ಅವನ ಪಕ್ಕ ಹಾಯುವಾಗೆಲ್ಲ ದುರುಗುಟ್ಟಿ ಹೋಗುತ್ತಿದ್ದರು. "ಚೆನ್ನಾಗಿ ನರಳಯ್ಯಾ, ನಮ್ಮ ಹೊಟ್ಟೆ ಮೇಲೆ ಹೊಡೆದಿದ್ದಕ್ಕಾದ್ರೂ" ಎಂದು ಇನ್‌ಸ್ಪೆಕ್ಟರ್ ಹಲ್ಲು ಕಡಿದ.

ಆದರೆ ಹೆಣದಣ್ಣನನ್ನು ನಿಜಕ್ಕೂ ಉರಿಸಿದ್ದು ಭಾವಮೈದ. ಅವನು ಒಂದಿಷ್ಟೂ ಅಲುಗಲಿಲ್ಲ. ಮನೆಗೆಲಸದವಳ ಪಾತ್ರಧಾರಿಣಿ ಹೆಣದ ಹೊಟ್ಟೆಯ ಮೇಲೆ ಕಾಫಿ ಬಟ್ಟಲಿಟ್ಟು ಮರೆಯುವ ದೃಶ್ಯದಲ್ಲಿ ಹೆಣದಣ್ಣ ಪ್ರತಿ ಸಲ ಉಸಿರು ಬಿಗಿಹಿಡಿದು ಒದ್ದಾಡುತ್ತಿದ್ದ. ಈ ಪುಣ್ಯಾತ್ಮನ ಹೊಟ್ಟೆಯ ಮೇಲೆ ಬಟ್ಟಲು ಗೂಡಿನಲ್ಲಿಟ್ಟಂತೆ ನಿಂತಿತ್ತು. ತಾನು ಹದಿನಾಲ್ಕು ವರ್ಷ ಬೆವರು ಸುರಿಸಿ ಕಲಿತ ವಿದ್ಯೆಯನ್ನು ಇವನು ನಿದ್ದೆಯಲ್ಲೇ ಮಾಡಿ ಮುಗಿಸುತ್ತಿದ್ದಾನಲ್ಲ ಎಂದು ಅವನಿಗೆ ಅಳು ಬಂತು. ಆ ಕಣ್ಣೀರಿಗೆ ಇಡೀ ಹಾಲು ಬಿಕ್ಕಿತು.

ಕೊನೆಯ ಸಾಲಿನಲ್ಲಿ ಒಂದು ಗಡ್ಡ ಕಂಡಂತಾಯಿತು. ಹೆಣದಣ್ಣ ಕಣ್ಣು ಕಿರಿದು ಮಾಡಿ ನೋಡಿದ. ಗಡ್ಡದ ನಿರ್ದೇಶಕರೇ! ಎದೆ ಹೊಡೆದುಕೊಳ್ಳತೊಡಗಿತು. ಇನ್ನೂ ಎಲ್ಲ ಮುಗಿದಿರಲಿಲ್ಲ.

ನಾಟಕ ಮುಗಿದು ಮುಖ್ಯ ಅತಿಥಿಗಳು ವೇದಿಕೆಗೆ ಬಂದರು. ಊರಿನ ಹೆಸರಾಂತ ಹೃದಯದ ಡಾಕ್ಟರು. ತಮ್ಮ ಹೊಸ ಆಸ್ಪತ್ರೆಯ ಬಗ್ಗೆ ಬಹಳ ಹೊತ್ತು ಮಾತಾಡಿ, ಕೊನೆಗೆ ಹೆಣದಣ್ಣನ ಹೆಗಲ ಮೇಲೆ ಕೈಯಿಟ್ಟರು. "ಒಬ್ಬ ಕಲಾವಿದನಿಗೆ ಹಣ ಕೊಟ್ಟು ಅವಮಾನ ಮಾಡಲಾರೆ. ನಾಳೆ ಬೆಳಿಗ್ಗೆ ಇವರ ಎದೆಯನ್ನು ನಾನೇ ತೆರೆಯುತ್ತೇನೆ. ಪೂರ್ತಿ ಉಚಿತ!"

ಚಪ್ಪಾಳೆಗೆ ಚಾವಣಿ ಹಾರಿಹೋಗುವಂತಾಯಿತು. ಹೆಣದಣ್ಣ ಮಾಲೀಕರ ಕಡೆ ನೋಡಿದ, ಅವರೂ ಚಪ್ಪಾಳೆ ತಟ್ಟುತ್ತಿದ್ದರು. ಹೆಂಡತಿಯ ಕಡೆ ನೋಡಿದ, ಅವಳು ಸಾಹುಕಾರರ ಹೆಂಡತಿಯ ಹೆಗಲ ಮೇಲೆ ತಲೆಯಿಟ್ಟಿದ್ದಳು. ಇನ್ನು ಸುಮ್ಮನಿದ್ದರೆ ತನ್ನನ್ನು ಸೀಳಿಯೇ ಬಿಡುತ್ತಾರೆ ಎಂದು ಖಾತ್ರಿಯಾಯಿತು. ಕಂಬಳಿ ಕಿತ್ತೆಸೆದು ಎದ್ದು ನಿಂತ.

"ನಿಲ್ಲಿ!"

ಕೊಲೆಗಾರನ ಮಾತಿಗೆಂದು ಬೆಳಿಗ್ಗೆಯಿಂದ ಹದ ಮಾಡಿಟ್ಟುಕೊಂಡಿದ್ದ ಧ್ವನಿ ಅದು. ಹದಿನಾಲ್ಕು ವರ್ಷ ಕಟ್ಟಿಹಾಕಿದ್ದ ಕಟ್ಟೆ ಒಡೆಯಿತು.

"ನಾನು ರೋಗಿಯಲ್ಲ! ನನ್ನ ಎದೆ ಕಲ್ಲಿನ ಹಾಗಿದೆ! ಒಂದು ದಿನದ ರಜೆಗೋಸ್ಕರ ನಾನು ಹೇಳಿದ್ದು ಸುಳ್ಳು! ಬೈಯಿರಿ, ಹೊಡೆಯಿರಿ, ಆದರೆ ನನ್ನ ಮಾತು ನಂಬಿ! ಈ ಉಪಕಾರಕ್ಕೆ ನಾನು ಯೋಗ್ಯನಲ್ಲ! ನಿಜವಾದ ರೋಗಿ ಬೇರೆ ಎಲ್ಲೋ ನರಳುತ್ತಿದ್ದಾನೆ, ಅವನನ್ನು ಹುಡುಕಿ!"

ಧ್ವನಿ ಕೊನೆಯ ಸಾಲನ್ನು ಮುಟ್ಟಿ ಗೋಡೆಗೆ ತಾಗಿ ತಿರುಗಿ ಬಂತು. ಎಲ್ಲಿ ಏರಿಸಬೇಕೋ ಅಲ್ಲಿ ಏರಿತ್ತು, ಎಲ್ಲಿ ಒಡೆಯಬೇಕೋ ಅಲ್ಲಿ ಒಡೆದಿತ್ತು. ಹಾಳಾದ ಸಂದರ್ಭದಲ್ಲೂ ಹೆಣದಣ್ಣನಿಗೆ ತನ್ನ ಬಗ್ಗೆ ಒಂದು ಚೂರು ಹೆಮ್ಮೆಯಾಯಿತು.

ಮೊದಲು ಅತ್ತವಳು ಕೆಳಮನೆಯಾಕೆ. "ನೋಡ್ರಪ್ಪಾ, ಸಾಯೋ ಹೊತ್ತಲ್ಲೂ ಬೇರೆಯವರು ಬದುಕಲಿ ಅಂತಾನೆ!" ಆಮೇಲೆ ಹಾಲಿಗೆ ಹಾಲೇ ಎದ್ದು ನಿಂತಿತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ಅವನ ಮಣಿಕಟ್ಟು ಹಿಡಿದು ನೋಡಿದರು. ಓಡಿ, ಕೂಗಿ, ಹೆದರಿ ನಾಡಿ ಕುದುರೆಯಂತೆ ಹಾರುತ್ತಿತ್ತು. "ಈ ನಾಡಿ ಇಟ್ಟುಕೊಂಡು ಇವರು ನಿಂತಿರೋದೇ ವೈದ್ಯಲೋಕದ ಅಚ್ಚರಿ" ಎಂದು ಘೋಷಿಸಿದರು. ನಾಲ್ಕು ಜನ ಹೆಣದಣ್ಣನನ್ನು ಹಿಡಿದು ಮತ್ತೆ ಕುರ್ಚಿಯಲ್ಲಿ ಕೂರಿಸಿ ಕಂಬಳಿ ಹೊದಿಸಿದರು.

ಪರದೆ ಬಿದ್ದ ಮೇಲೆ ಗಡ್ಡದ ನಿರ್ದೇಶಕರು ವೇದಿಕೆಗೆ ಬಂದು, ಸೋಫಾದ ಹತ್ತಿರ ಬಗ್ಗಿ ಏನೋ ಮಾತಾಡಿ, ಆಮೇಲೆ ಇತ್ತ ತಿರುಗಿದರು. ಹೆಣದಣ್ಣ ಕಂಬಳಿ ಸಮೇತ ಅವರ ಮುಂದೆ ಎದ್ದು ನಿಂತ. "ಸಾರ್, ನಿಮಗಾದ್ರೂ ಗೊತ್ತಾಗಿರಬೇಕು. ನಾನು ಆರೋಗ್ಯವಾಗಿದ್ದೀನಿ. ನಾಲ್ಕಕ್ಕೆ ಬರೋಕೆ ಬಿಡಲಿಲ್ಲ ಇವರು. ನನ್ನ ಧ್ವನಿ ಕೇಳಿದ್ರಲ್ಲ?"

"ಕೇಳಿದೆ" ಎಂದರು ನಿರ್ದೇಶಕರು. "ನೀವು ಆರೋಗ್ಯವಾಗಿದ್ದೀರಿ ಅನ್ನೋದನ್ನೂ ನಂಬ್ತೀನಿ. ಅಂಥಾ ಧ್ವನಿ ಸಾಯೋ ಮನುಷ್ಯನಿಗೆ ಇರಲ್ಲ. ಅದ್ಭುತ."

ಹೆಣದಣ್ಣನ ಕಣ್ಣು ತುಂಬಿ ಬಂತು. ಇಡೀ ದಿನದಲ್ಲಿ ಅವನನ್ನು ನಂಬಿದ ಒಬ್ಬರು ಸಿಕ್ಕಿದ್ದರು. "ಹಾಗಾದ್ರೆ ಆ ಪಾತ್ರ...?"

"ಅದೇ ತೊಂದರೆ ಆಗಿದ್ದು" ನಿರ್ದೇಶಕರು ಗಡ್ಡ ನೀವಿಕೊಂಡರು. "ಇಷ್ಟೊಂದು ಮಾತಾಡೋ ಆಸೆ ಒಳಗಿಟ್ಟುಕೊಂಡೋರು ನನ್ನ ನಾಟಕಕ್ಕೆ ಆಗಲ್ಲ. ನನಗೆ ಬೇಕಿದ್ದದ್ದು ಹೆಣ. ಮೊದಲಿಂದ ಕೊನೆವರೆಗೂ ವೇದಿಕೆ ನಡುವೆ ಒಂದು ಹೆಣ, ಅದರ ಸುತ್ತ ಎಲ್ಲರೂ. ನಿಮ್ಮನ್ನು ನೋಡಿ ಬರೆದಿದ್ದೆ. ಆದರೆ ಇವತ್ತು ಆ ಸೋಫಾ ಮೇಲಿದ್ದ ಮನುಷ್ಯನ್ನ ನೋಡಿದ ಮೇಲೆ..." ಅವರ ದನಿ ಭಕ್ತಿಯಿಂದ ತಗ್ಗಿತು. "ಒಳಗೆ ಏನೂ ಇಲ್ಲ. ಒಂದೇ ಒಂದು ಆಸೆ ಇಲ್ಲ. ಅಂಥಾ ಶೂನ್ಯ ನಾನು ನೋಡೇ ಇರಲಿಲ್ಲ. ನಾಳೆಯಿಂದ ಬರ್ತೀನಿ ಅಂತ ಒಪ್ಪಿಕೊಂಡಿದ್ದಾರೆ."

ಸೋಫಾದ ಮೇಲೆ ಭಾವಮೈದ ಇನ್ನೂ ಎದ್ದಿರಲಿಲ್ಲ. ಒಂದು ಕಣ್ಣು ಮಾತ್ರ ತೆರೆದು, "ನೋಡಿದ್ರಾ ಭಾವ, ಕೊನೆಗೂ ಕೆಲಸ ಸಿಕ್ಕಿತು" ಎಂದು ಮತ್ತೆ ಮುಚ್ಚಿದ.

ಹೆಣದಣ್ಣ ಕುರ್ಚಿಯ ಮೇಲೆ ಕುಸಿದ. ಸರಿ, ಇದ್ದದ್ದಾದರೂ ಇದೆಯಲ್ಲ, ನಾಳೆಯಿಂದ ತನ್ನ ಹಳೆಯ ಸೋಫಾದ ಮೇಲೇ ಸತ್ತರಾಯಿತು ಎಂದುಕೊಂಡ. ಅಷ್ಟರಲ್ಲಿ ಮಾಲೀಕರು ಕೈ ತಿಕ್ಕಿಕೊಳ್ಳುತ್ತ ಓಡಿಬಂದರು.

"ಗೆದ್ದುಬಿಟ್ಟೆ ಕಣಯ್ಯಾ! ನಾಳೆ, ನಾಡಿದ್ದು, ಮುಂದಿನ ವಾರ, ಎಲ್ಲಾ ಸಹಾಯಾರ್ಥ! ಡಾಕ್ಟರ ಹತ್ತಿರ ಮಾತಾಡಿದ್ದೀನಿ. ಪ್ರದರ್ಶನ ನಡೆಯೋವರೆಗೂ ಎದೆ ತೆರೆಯಲ್ಲವಂತೆ. ಪ್ರತಿ ಆಟದಲ್ಲೂ ಅವರ ಆಸ್ಪತ್ರೆ ಹೆಸರು ಹೇಳಿದ್ರೆ ಸಾಕಂತೆ. ನಿಲ್ಲಿಸಿದ ಮಾರನೇ ದಿನ ಮಾತ್ರ ಕತ್ತರಿ ಹಿಡೀತಾರಂತೆ. ಹಾಗಾಗಿ ನೀನು ನಿಲ್ಲಿಸೋ ಮಾತೇ ಇಲ್ಲ."

"ಮತ್ತೆ ಸೋಫಾ?"

"ಅದಕ್ಕೊಂದು ಗೊಂಬೆ ಮಾಡಿಸ್ತೀನಿ. ನಿನಗೆ ಬಡ್ತಿ ಕಣೋ! ಇಷ್ಟು ದಿನ ಸತ್ತಿದ್ದೆ, ಇನ್ಮೇಲೆ ಸಾಯ್ತಾ ಇರ್ತೀಯ. ಕುರ್ಚಿ, ಕಂಬಳಿ ಎಲ್ಲ ಇವತ್ತಿನ ಹಾಗೇ. ಆ ಕೊನೇ ಭಾಷಣ ಒಂದು ಬೇಡ. ಇವತ್ತೇನೋ ನಡೀತು. ರೋಗಿ ದಿನಾ ಅಷ್ಟು ಜೋರಾಗಿ ಮಾತಾಡಿದ್ರೆ ಜನಕ್ಕೆ ಅನುಮಾನ ಬರುತ್ತೆ."

ಹೆಣದಣ್ಣನಿಗೆ ಹೇಳುವುದು ಬಹಳಷ್ಟಿತ್ತು. ಮಾಲೀಕರಿಗೆ, ಡಾಕ್ಟರಿಗೆ, ಹೆಂಡತಿಗೆ, ಸೋಫಾದ ಮೇಲಿನ ಶೂನ್ಯಕ್ಕೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಿತ್ತು. ಎದೆ ತುಂಬ ಉಸಿರೆಳೆದುಕೊಂಡು, ಕೊನೆಯ ಸಾಲಿಗೂ ಕೇಳುವಂತೆ ಬಾಯಿ ತೆರೆದ.

ಕೆಳಮನೆಯಾಕೆ ಅದರೊಳಗೆ ಥರ್ಮಾಮೀಟರು ಇಟ್ಟಳು.